ಒಂದೇ ಡ್ರಾಯಿಂಗ್, 84 ಟೂಲ್ ಹೋಲ್ಡರ್: ಮೂರು ಜಿಲ್ಲೆಯ ಲೇತ್ ಹವ್ಯಾಸಿಗಳು ಸೇರಿ ಮಾಡಿಸಿದ್ದು

ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕತ್ತರಿಸುವ ಯಂತ್ರ) ಜೊತೆಗೆ ಬರುವ ನಾಲ್ಕು ಮುಖದ ಟೂಲ್ ಪೋಸ್ಟ್, ಅಂದರೆ ಕತ್ತರಿಸುವ ಟೂಲನ್ನು ಹಿಡಿದಿಡುವ ಭಾಗ, ಗಟ್ಟಿಮುಟ್ಟಾದದ್ದು. ಆದರೆ ಟೂಲ್ ಬದಲಿಸಿದಾಗಲೆಲ್ಲ ತುದಿ ಸರಿ ಎತ್ತರಕ್ಕೆ ಬರಲು ಅದರ ಕೆಳಗೆ ಪ್ಯಾಕಿಂಗ್ ಇಡಬೇಕು. ಹ್ಯಾಕ್ಸಾ ಬ್ಲೇಡಿನ ತುಂಡು, ತಗಡಿನ ಚೂರು, ಕೊನೆಗೆ ಏನೂ ಸಿಗದಿದ್ದರೆ ಫೀಲರ್ ಗೇಜಿನ ಎಲೆ. ಟೂಲಿನ ತುದಿ ಸೆಂಟರಿಗಿಂತ (ತುಂಡು ತಿರುಗುವ ನಡುಗೆರೆಗಿಂತ) ಮೇಲಿದ್ದರೆ ಕತ್ತರಿಸುವ ಬದಲು ಉಜ್ಜುತ್ತದೆ, ಕೆಳಗಿದ್ದರೆ ಫೇಸಿಂಗ್ (ತುಂಡಿನ ಮುಖ ಸಪಾಟು) ಮಾಡುವಾಗ ನಡುವೆ ಸಣ್ಣ ಗುಬುಟು ಉಳಿಯುತ್ತದೆ. ಟರ್ನಿಂಗ್, ಬೋರಿಂಗ್, ಚಾಂಫರ್ ಎಂದು ಒಂದು ಜಾಬಿಗೆ ಮೂರು ಟೂಲ್ ಬೇಕಾದರೆ ಕೆಲಸಕ್ಕಿಂತ ಪ್ಯಾಕಿಂಗಿಗೇ ಹೊತ್ತು ಹೋಗುತ್ತದೆ.

ಇದಕ್ಕೆ ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಕ್ವಿಕ್ ಚೇಂಜ್ ಟೂಲ್ ಪೋಸ್ಟ್. ಪೋಸ್ಟಿನ ಮೈಮೇಲೆ ಡವ್‌ಟೇಲ್ (ಬುಡ ಕಿರಿದು, ನೆತ್ತಿ ಅಗಲವಿರುವ ಓರೆಬದಿಯ ಉಬ್ಬು), ಪ್ರತಿ ಟೂಲಿಗೂ ಆ ಉಬ್ಬಿಗೆ ಕೂಡುವ ತೋಡಿರುವ ತನ್ನದೇ ಹೋಲ್ಡರ್. ಹೋಲ್ಡರಿನ ನೆತ್ತಿಯ ಮೇಲಿನ ನಟ್ ತಿರುಗಿಸಿ ಎತ್ತರವನ್ನು ಒಮ್ಮೆ ಕೂಡಿಸಿದರೆ ಮುಂದೆ ಪ್ಯಾಕಿಂಗ್ ಮಾತೇ ಇಲ್ಲ. ತೊಡಕಿರುವುದು ಹೋಲ್ಡರಿನ ಬೆಲೆಯಲ್ಲಿ. ಪೋಸ್ಟ್ ಜೊತೆಗೆ ಕೆಲವೇ ಹೋಲ್ಡರ್ ಬರುತ್ತವೆ, ಆಮೇಲೆ ಬಿಡಿಯಾಗಿ ಕೊಳ್ಳಲು ಹೋದರೆ ಕೈ ಸುಡುತ್ತದೆ. ಈ ಪೋಸ್ಟ್ ನಿಜಕ್ಕೂ ಉಪಯೋಗಕ್ಕೆ ಬರುವುದು ಆರೇಳು ಹೋಲ್ಡರಿನಲ್ಲಿ ಟೂಲ್ ಕಟ್ಟಿ ಸಿದ್ಧವಾಗಿ ಇಟ್ಟುಕೊಂಡಾಗ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮನೆಯ ಶೆಡ್ಡಿನಲ್ಲೋ ಅಂಗಡಿಯ ಹಿಂದಿನ ಕೋಣೆಯಲ್ಲೋ ಸಣ್ಣ ಲೇತ್ ಇಟ್ಟುಕೊಂಡವರು ನಾವು ಒಬ್ಬರಿಗೊಬ್ಬರು ಪರಿಚಯವಾಗುತ್ತ ಬಂದೆವು. ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ, ನಮಗೆಲ್ಲ ಅವರು ಕಾಕಾ. ಯಾದಗಿರಿಯ ಐಟಿಐ ಮಾಸ್ತರರೊಬ್ಬರು, ಕಲಬುರಗಿಯ ದಾಲ್ ಮಿಲ್ ಮನೆತನದ ಹುಡುಗ, ಮಾದರಿ ಎಂಜಿನ್ ಮಾಡುವ ಬ್ಯಾಂಕ್ ನೌಕರರು, ಬೀದರಿನಲ್ಲಿ ಬಿದರಿ ಹೂಜಿ, ಹೂದಾನಿಗಳ ಎರಕದ ಮೈಯನ್ನು ಲೇತಿನ ಮೇಲೆ ನಯಗೊಳಿಸುವ ಕುಶಲಕರ್ಮಿ, ಇಂಥವರು. ಎಲ್ಲರೂ ಬೇರೆ ಬೇರೆ ಕೆಲಸದವರು, ಎಲ್ಲರಿಗೂ ಬೇಕಾದದ್ದು ಒಂದೇ ವಸ್ತು. ಹಾಗಿದ್ದ ಮೇಲೆ ಸೇರಿ ಮಾಡಿಸೋಣ ಎಂದೆ. ಕಾಕಾ ಅಲ್ಲೇ ತಡೆದರು.

"ಎಲ್ಲಾರ ಪೋಸ್ಟ್ ಬ್ಯಾರೆ ಬ್ಯಾರೆ ಕಡಿಂದ ತಂದದ್ದವ. ಹೋಲ್ಡರ್ ಒಂದೇ ಹೆಂಗ ಕೂಡ್ತದ? ಮೊದಲ ಅಳತಿ ತಗೀರಿ, ರೊಕ್ಕದ ಮಾತು ಆಮ್ಯಾಲ."

ಈ ಇಡೀ ಕೆಲಸ ಮುರಿಯದೆ ದಡ ಸೇರಿದ್ದು ಆ ಒಂದು ಮಾತಿನಿಂದ. ಸೇರಿ ಕೊಳ್ಳುವಾಗ ಜನ ಮೊದಲು ಹಣ ಕೂಡಿಸುತ್ತಾರೆ, ಆಮೇಲೆ ವಸ್ತು ಏನೆಂದು ಚರ್ಚೆ ಶುರುವಾಗುತ್ತದೆ. ನಾವು ಅಳತೆ, ಡ್ರಾಯಿಂಗ್, ಗೇಜ್, ಅದಾದ ಮೇಲೆ ಹಣ ಎಂಬ ಸಾಲನ್ನು ಕೊನೆಯವರೆಗೂ ಬಿಡಲಿಲ್ಲ.

ಏನನ್ನು ಮಾಡಿಸುವುದು

ಬೇಡಿಕೆ ಕೇಳಿದಾಗ ಪಟ್ಟಿ ಬೆಳೆಯಿತು. ಸಾದಾ ಹೋಲ್ಡರ್, ತೂತು ಅಗಲಿಸುವ ಬೋರಿಂಗ್ ಬಾರ್ ಹೋಲ್ಡರ್, ತುಂಡು ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಬ್ಲೇಡಿನದು, ಹಿಡಿತಕ್ಕೆ ಗೀರು ಮೂಡಿಸುವ ನರ್ಲಿಂಗ್ ಮಾಡುವುದು. ಪ್ರತಿಯೊಂದಕ್ಕೂ ಬೇರೆ ಪ್ರೋಗ್ರಾಂ, ಬೇರೆ ಫಿಕ್ಸ್ಚರ್ (ತುಂಡನ್ನು ಮಷಿನ್ ಮೇಲೆ ಹಿಡಿದಿಡುವ ಸಾಧನ). ಹಾಗೆ ಹಂಚಿಕೊಂಡರೆ ಪ್ರತಿ ನಮೂನೆಗೂ ಹತ್ತಿಪ್ಪತ್ತು ನಗವೇ ಆಗಿ, ಸೇರಿ ಮಾಡಿಸಿದ ಲಾಭವೆಲ್ಲ ಕರಗಿಹೋಗುತ್ತಿತ್ತು. ಆದ್ದರಿಂದ ಒಂದೇ ನಮೂನೆ: ಟೂಲ್ ಕೂರುವ ಗಾಡಿಯ (ಉದ್ದನೆಯ ತೋಡಿನ) ತಳದಲ್ಲಿ ಉದ್ದಕ್ಕೂ ವಿ ಆಕಾರದ ಗೆರೆ ಇರುವ ಹೋಲ್ಡರ್. ಚೌಕ ಟೂಲ್ ಇಟ್ಟರೆ ವಿ ಪಕ್ಕದ ಸಪಾಟಿನ ಮೇಲೆ ಕೂರುತ್ತದೆ, ದುಂಡು ಬೋರಿಂಗ್ ಬಾರ್ ಇಟ್ಟರೆ ವಿ ಒಳಗೆ ಕೂರುತ್ತದೆ. ಆ ಗೆರೆಗೆ ಕಟರ್ ಒಂದು ಸಲ ಹೆಚ್ಚು ಓಡಿದರಾಯಿತು, ಖರ್ಚು ಅಷ್ಟೇ. ಪಾರ್ಟಿಂಗ್ ಬೇಕು ಎಂದವರು ಸ್ವಲ್ಪ ಬೇಸರಪಟ್ಟರು, ಆದರೂ ಒಪ್ಪಿದರು.

ಅಳತೆ ಹೀಗೆ: ಉದ್ದ 75 ಮಿ.ಮೀ., ಎತ್ತರ 40, ದಪ್ಪ 33. ಟೂಲಿನ ಗಾಡಿ 14 ಎತ್ತರ, 17 ಆಳ. ಅರ್ಧ ಇಂಚಿನ ಟೂಲ್ ಅಂದರೆ 12.7 ಮಿ.ಮೀ., ಅದು ಆರಾಮಾಗಿ ಹಿಡಿಸುತ್ತದೆ. ಮೇಲಿನಿಂದ ಬಿಗಿಯಲು ನಾಲ್ಕು ಎಂ8 ಗ್ರಬ್ ಸ್ಕ್ರೂ (8 ಮಿ.ಮೀ.ನ ತಲೆಯಿಲ್ಲದ ಸ್ಕ್ರೂ), ತೂತು 6.8ರ ಡ್ರಿಲ್ಲಿನಿಂದ. ಗ್ರಬ್ ಸ್ಕ್ರೂ ಚಪ್ಪಟೆ ತುದಿಯದೇ ಆಗಬೇಕೆಂದು ಡ್ರಾಯಿಂಗಿನಲ್ಲಿ ಬರೆದೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬಟ್ಟಲು ತುದಿಯದು, ಅದು ಟೂಲಿನ ಬೆನ್ನನ್ನು ಕಚ್ಚಿ ಗಾಯ ಮಾಡುತ್ತದೆ. ಆಮೇಲೆ ಟೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಲು ಹೋದರೆ ಸ್ಕ್ರೂ ಮತ್ತೆ ಅದೇ ಗುಳಿಗೇ ಹೋಗಿ ಕೂರುತ್ತದೆ.

ಉಕ್ಕು ಇಎನ್-8. ಎಂ.ಎಸ್. (ಸಾದಾ ಮೆದು ಉಕ್ಕು) ಅಗ್ಗ, ಆದರೆ ಎಳೆ ಹೊಡೆದ ತೂತಿಗೆ ವರ್ಷಗಟ್ಟಲೆ ಸ್ಕ್ರೂ ಬಿಗಿದು ಸಡಿಲಿಸುವ ವಸ್ತು ಇದು. ಇಎನ್-8ರಲ್ಲಿ ಇಂಗಾಲ ಸುಮಾರು ಶೇ. 0.4, ಎಳೆಗಳು ಬಾಳಿಕೆ ಬರುತ್ತವೆ.

ಎಲ್ಲರ ಪೋಸ್ಟ್ ಅಳೆದದ್ದು

ಡವ್‌ಟೇಲನ್ನು ವರ್ನಿಯರ್‌ನಿಂದ ನೇರವಾಗಿ ಅಳೆಯಲು ಬರುವುದಿಲ್ಲ. ಚೂಪು ಮೂಲೆಯೊಳಗೆ ವರ್ನಿಯರ್‌ನ ಮೂತಿ ಹೋಗುವುದಿಲ್ಲ, ಹೋದರೂ ಮೂಲೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಅದಕ್ಕೆ ಎರಡೂ ಮೂಲೆಯಲ್ಲಿ ಒಂದೊಂದು ದುಂಡು ಪಿನ್ ಇಟ್ಟು, ಪಿನ್‌ಗಳ ಹೊರಮೈಯಿಂದ ಹೊರಮೈಗೆ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. 60 ಡಿಗ್ರಿಯ ಡವ್‌ಟೇಲಿಗೆ ಲೆಕ್ಕ ಸರಳ. ಪೋಸ್ಟಿನ ಮೇಲಿರುವ ಹೊರ ಡವ್‌ಟೇಲಿನಲ್ಲಿ ಬುಡದ ಅಗಲಕ್ಕೆ ಪಿನ್ನಿನ ವ್ಯಾಸದ 2.732 ಪಟ್ಟು ಕೂಡಿಸಿದರೆ ಪಿನ್ ಮೇಲಿನ ಅಳತೆ. ಹೋಲ್ಡರಿನ ಒಳ ಡವ್‌ಟೇಲಿನಲ್ಲಿ ತಳದ ಅಗಲದಿಂದ ಅಷ್ಟನ್ನೇ ಕಳೆದರೆ ಪಿನ್‌ಗಳ ನಡುವಿನ ಅಳತೆ. 6 ಮಿ.ಮೀ. ಪಿನ್ ಆದರೆ ಆ ಸಂಖ್ಯೆ 16.39.

ಈ 2.732 ಎಂಬುದು ಅನುಕೂಲವೂ ಹೌದು, ಅಪಾಯವೂ ಹೌದು. ಪಿನ್ನಿನ ವ್ಯಾಸದಲ್ಲಿ ನೂರನೇ ಒಂದು ಮಿ.ಮೀ. ವ್ಯತ್ಯಾಸವಿದ್ದರೆ ಅಳತೆಯಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವ 6 ಮಿ.ಮೀ. ಡವೆಲ್ ಪಿನ್ ಸಾಮಾನ್ಯವಾಗಿ ಎಂ6 ದರ್ಜೆಯದು, ಅಂದರೆ 6 ಮಿ.ಮೀ.ಗಿಂತ 4ರಿಂದ 12 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ದಪ್ಪ ಇರಬಹುದು. ಒಬ್ಬರು ಡವೆಲ್ ಪಿನ್, ಇನ್ನೊಬ್ಬರು ಡ್ರಿಲ್ಲಿನ ಹಿಂಬದಿ, ಮತ್ತೊಬ್ಬರು ಬೇರಿಂಗಿನ ರೋಲರ್ ಇಟ್ಟು ಅಳೆದರೆ ಮೂವರ ಅಂಕಿಯನ್ನೂ ಒಂದೇ ಕಾಗದದ ಮೇಲೆ ಬರೆಯುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಒಂದೇ ಡಬ್ಬಿಯ ಪಿನ್‌ಗಳನ್ನು ಮೈಕ್ರೋಮೀಟರಿನಲ್ಲಿ ಒಂದೊಂದಾಗಿ ನೋಡಿ, ಜೋಡಿ ಮಾಡಿ, ಎಲ್ಲರಿಗೂ ಕಳುಹಿಸಿದೆವು. ಯಾದಗಿರಿಗೆ ಹೋದ ಜೋಡಿ ಐಟಿಐ ಮಾಸ್ತರರ ಕೈಯಿಂದ ಶಹಾಪುರದವರಿಗೂ ಹೋಯಿತು.

ಪೋಸ್ಟಿನ ಹ್ಯಾಂಡಲ್ ಪೂರ್ತಿ ಸಡಿಲಿಸಿ ಅಳೆಯಬೇಕು, ಒಂದೇ ಜಾಗದಲ್ಲಿ ಅಲ್ಲ, ಮೇಲೆ ಒಂದು, ಕೆಳಗೆ ಒಂದು. ಮೇಲೂ ಕೆಳಗೂ ಅಂಕಿ ಬೇರೆ ಬಂದರೆ ಡವ್‌ಟೇಲ್ ಓರೆಯಾಗಿದೆ ಎಂದರ್ಥ.

ಬೇಸಿಗೆಯಲ್ಲಿ ನಡೆದ ಕೆಲಸ ಇದು. ಮಾಸ್ತರರು ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. "ಸರ್, ನಮ್ಮ ಕಡೆ ಶೆಡ್ಡಿನಾಗ 40 ಡಿಗ್ರಿ ಅದ. ಅವರ ಮಷಿನ್ ಶಾಪ್ ಎಸಿದಾಗ ಇರ್ತದ. ಉಕ್ಕು ಹಿಗ್ಗೂದಿಲ್ಲೇನ್ರಿ?" ಹಿಗ್ಗುತ್ತದೆ. ಉದ್ದಳತೆಗೆ ಜಗತ್ತೆಲ್ಲ ಒಪ್ಪಿದ ತಾಪಮಾನ 20 ಡಿಗ್ರಿ. ಉಕ್ಕು ಮೀಟರಿಗೆ, ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 40 ಮಿ.ಮೀ. ಅಗಲಕ್ಕೆ 20 ಡಿಗ್ರಿ ವ್ಯತ್ಯಾಸವೆಂದರೆ 9 ಮೈಕ್ರಾನ್, ನಮ್ಮ ಟಾಲರೆನ್ಸಿನ (ಒಪ್ಪಬಹುದಾದ ಹೆಚ್ಚುಕಡಿಮೆ, ಇಲ್ಲಿ 0.05 ಮಿ.ಮೀ.) ಐದನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಪೋಸ್ಟೂ ಉಕ್ಕು, ಹೋಲ್ಡರೂ ಉಕ್ಕು, ಎರಡೂ ಒಂದೇ ಶೆಡ್ಡಿನಲ್ಲಿ ಒಟ್ಟಿಗೇ ಹಿಗ್ಗುತ್ತವೆ. ಎಚ್ಚರ ಬೇಕಾದದ್ದು ಬಿಸಿಲಲ್ಲಿ ಬಿದ್ದಿದ್ದ ಹೋಲ್ಡರನ್ನು ನೆರಳಲ್ಲಿದ್ದ ಮೈಕ್ರೋಮೀಟರಿನಿಂದ ಅಳೆಯುವಾಗ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಗಂಟೆ ಹೊತ್ತು ಬಿಟ್ಟು ಆಮೇಲೆ ಅಳೆಯಿರಿ ಎಂದು ಎಲ್ಲರಿಗೂ ತಿಳಿಸಿದೆವು.

ಪಿನ್ ಮೇಲಿನ ಅಳತೆಯ ಅಂಕಿಗಳು ಬಂದವು. ಹೆಚ್ಚಿನವು 47.21ರಿಂದ 47.58ರ ನಡುವೆ. ಒಂದು ಮಾತ್ರ 48.9. ಅದು ಸೇಡಂ ಕಡೆಯ ಮಿತ್ರರದು. ಮತ್ತೆ ಅಳೆದರೂ ಅಷ್ಟೇ. ಹೆಸರಿಗೆ ಅದೇ ಸೈಜಿನ ಪೋಸ್ಟ್, ಆದರೆ ಡವ್‌ಟೇಲೇ ಬೇರೆ. ಅವರಿಗೆ ನಮ್ಮ ಹೋಲ್ಡರ್ ಹತ್ತುವುದೇ ಇಲ್ಲ. ಒಂದು ರೂಪಾಯಿ ಕೊಡುವ ಮೊದಲೇ ಈ ಸಂಗತಿ ಅವರಿಗೆ ಗೊತ್ತಾಯಿತು, ಅವರು ಮನಸ್ಸಿಗೆ ಹಚ್ಚಿಕೊಳ್ಳದೆ ಹಿಂದೆ ಸರಿದರು. ಹಣ ಕೊಟ್ಟು, ವಸ್ತು ಬಂದ ಮೇಲೆ ಇದು ತಿಳಿದಿದ್ದರೆ ಸ್ನೇಹ ಉಳಿಯುತ್ತಿರಲಿಲ್ಲ.

ಅತಿ ದೊಡ್ಡ ಪೋಸ್ಟಿನ ಪಿನ್ ಮೇಲಿನ ಅಳತೆ 47.58ರಿಂದ 16.39 ಕಳೆದರೆ ಬುಡದ ಅಗಲ 31.19. ಹೋಲ್ಡರಿನ ಡವ್‌ಟೇಲಿನ ಬಾಯಿ ಅದಕ್ಕಿಂತ ಅಗಲವಿರಬೇಕು, 31.26 ಎಂದು ನಿರ್ಧರಿಸಿದೆವು. ಅತಿ ಸಣ್ಣ ಪೋಸ್ಟಿಗೆ ಅರ್ಧ ಮಿ.ಮೀ.ಗೆ ಹತ್ತಿರ ಸಡಿಲ ಬರುತ್ತದೆ. ವೆಡ್ಜ್ ಮಾದರಿಯ ಪೋಸ್ಟ್ ಕೊಡಲಿಯ ಕಾವಿಗೆ ಬೆಣೆ ಹೊಡೆದಂತೆ ಬಿಗಿಯುವುದರಿಂದ ಅಷ್ಟನ್ನು ನುಂಗುತ್ತದೆ, ಹ್ಯಾಂಡಲ್ ಮಾತ್ರ ಸ್ವಲ್ಪ ಹೆಚ್ಚು ತಿರುಗುತ್ತದೆ. ಆಳ 8 ಮಿ.ಮೀ. ಇಟ್ಟರೆ ತಳದ ಅಗಲ 40.5, ಪಿನ್‌ಗಳ ನಡುವೆ 24.11. ಈ ಒಂದು ಅಳತೆಗೆ ಮಾತ್ರ ಬಿಗಿ ಟಾಲರೆನ್ಸ್: 0.05 ಹೆಚ್ಚಾಗಬಹುದು, ಒಂದು ಮೈಕ್ರಾನೂ ಕಡಿಮೆಯಾಗಬಾರದು. ಉಳಿದದ್ದಕ್ಕೆಲ್ಲ ಐಎಸ್‌ಒ 2768ರ ಮಧ್ಯಮ ದರ್ಜೆ. ಅಂದರೆ 6ರಿಂದ 30 ಮಿ.ಮೀ. ವರೆಗಿನ ಅಳತೆಗೆ 0.2, ಅದರಾಚೆ 120ರವರೆಗೆ 0.3 ಹೆಚ್ಚುಕಡಿಮೆ. ಹವ್ಯಾಸಿಗಳ ಡ್ರಾಯಿಂಗುಗಳಲ್ಲಿ ಎಲ್ಲ ಅಳತೆಯ ಮುಂದೂ 0.02 ಎಂದು ಬರೆದಿರುವುದನ್ನು ನೋಡಿದ್ದೇನೆ. ಹೋಲ್ಡರಿನ ಉದ್ದ 75.2 ಆದರೆ ಯಾರಿಗೂ ತೊಂದರೆಯಿಲ್ಲ. ಆದರೆ ಆ ಬರಹಕ್ಕೆ ಮಷಿನ್ ಶಾಪಿನವರು ದುಡ್ಡು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ದರ ಮತ್ತು ಹಣ

ಕಲಬುರಗಿಯ ಲೇತ್ ಅಂಗಡಿಗಳಲ್ಲಿ ಕಸುಬುದಾರರಿಗೆ ಕೊರತೆಯಿಲ್ಲ. ಆದರೆ ತೊಗರಿ ರಾಶಿ ಮುಗಿದು ದಾಲ್ ಮಿಲ್ಲುಗಳು ಭರದಲ್ಲಿ ನಡೆಯುವಾಗ ಅವರ ಕೈ ಬಿಡುವಿರುವುದಿಲ್ಲ. ರೋಲರ್, ಶಾಫ್ಟ್, ಪುಲ್ಲಿ ಎಂದು ಸರದಿ ನಿಂತಿರುತ್ತದೆ. ಅಲ್ಲದೆ ಒಂದೇ ತೆರನ ತೊಂಬತ್ತು ನಗ ಎಂದರೆ ಅದು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಿಲ್ಲಿಂಗ್ ಮಷಿನ್) ಕೆಲಸ. ಬೆಂಗಳೂರಿನ ಪೀಣ್ಯ, ಹೈದರಾಬಾದಿನ ಬಾಲಾನಗರ ಎರಡೂ ಕಡೆಯಿಂದ ಕೊಟೇಶನ್ ತರಿಸಿ ಬಾಲಾನಗರಕ್ಕೆ ಒಪ್ಪಿಕೊಂಡೆವು. ದರದಲ್ಲಿ ಭಾರಿ ವ್ಯತ್ಯಾಸವೇನೂ ಇರಲಿಲ್ಲ, ಬೇಕೆಂದಾಗ ಹೋಗಿ ನಿಲ್ಲಬಹುದಾದ ದೂರ ಎಂಬುದೇ ಕಾರಣ. ಬೀದರಿನವರಿಗೆ ಅದು ಜಹೀರಾಬಾದ್ ದಾಟಿದರೆ ಹತ್ತಿರ, ಕಲಬುರಗಿಯವರಿಗೆ ವಾಡಿ, ತಾಂಡೂರು ಮಾರ್ಗದ ರೈಲಿದೆ.

ಪ್ರೋಗ್ರಾಂ ಮತ್ತು ಫಿಕ್ಸ್ಚರಿಗೆ ಒಟ್ಟು 9,000 ರೂ., ಅದು ಎಷ್ಟು ನಗ ಮಾಡಿಸಿದರೂ ಅಷ್ಟೇ. ಅದರ ಮೇಲೆ ಉಕ್ಕು ಸೇರಿ ನಗವೊಂದಕ್ಕೆ 520, ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ. ಹನ್ನೆರಡು ಮಾಡಿಸಿದ್ದರೆ ಒಂದಕ್ಕೆ ಸುಮಾರು 1,500 ಬೀಳುತ್ತಿತ್ತು. ತೊಂಬತ್ತಕ್ಕೆ 732. ನಮ್ಮ ಬೇಡಿಕೆ 84, ಮೇಲೆ ಆರು ಹೆಚ್ಚಿಗೆ. ಯಾವುದಾದರೂ ಕೆಟ್ಟರೆ ಯಾರ ಪಾಲು ಕೆಟ್ಟಿತು ಎಂಬ ಮಾತು ಬರಬಾರದು ಎಂದು ಆ ಆರರ ಖರ್ಚನ್ನೂ 84ರ ಮೇಲೆ ಹಂಚಿದೆವು. ಹಾಗೆ ಒಂದಕ್ಕೆ 784 ಆಯಿತು. ಕಪ್ಪು ಬಣ್ಣ ಏರಿಸುವುದು, ಸ್ಕ್ರೂ, ಸಾಗಣೆ ಬೇರೆ.

ಲೆಕ್ಕ ಇಟ್ಟದ್ದು ಬ್ಯಾಂಕಿನ ಮಿತ್ರರು, ಶಾಪಿನ ಜೊತೆ ಮಾತಾಡಿದ್ದು ನಾನು. ಈ ಎರಡು ಕೆಲಸ ಒಬ್ಬರ ಕೈಯಲ್ಲಿ ಇರಬಾರದೆಂಬುದು ನನ್ನ ಹಟವಾಗಿತ್ತು. ಯಾರೂ ಅನುಮಾನಪಡುತ್ತಾರೆಂದಲ್ಲ. ವಸ್ತು ಸರಿಯಿಲ್ಲ ಎಂದು ಶಾಪಿನವರ ಮುಂದೆ ಗಟ್ಟಿಯಾಗಿ ಹೇಳಬೇಕಾದವನ ಕೈಯಲ್ಲಿ ಎಲ್ಲರ ಹಣವೂ ಇದ್ದರೆ, ಬೇಗ ಮುಗಿಸಿಬಿಡೋಣ ಎಂಬ ಆಸೆಗೆ ಆತ ಬೀಳುತ್ತಾನೆ. ಪ್ರತಿಯೊಬ್ಬರೂ ಅರ್ಧ ಹಣ ಮೊದಲು, ಅರ್ಧ ಹಣ ತಪಾಸಣೆ ಮುಗಿದ ಮೇಲೆ ಕೊಡುವುದೆಂದು ಮಾತಾಯಿತು. ಯುಪಿಐಯಲ್ಲಿ ಹಣ ಬಂದ ಕೂಡಲೇ ಎಲ್ಲರಿಗೂ ಕಾಣುವ ಹಾಳೆಯಲ್ಲಿ ಅದು ಏರುತ್ತಿತ್ತು.

ಶೇಪರಿನ ಮೇಲೆ ಹುಟ್ಟಿದ ಗೇಜ್

ಪಿನ್ ಇದ್ದ ಮೇಲೆ ಗೇಜ್ (ಹೋಲ್ಡರನ್ನು ಜಾರಿಸಿ ನೋಡಲು ಪೋಸ್ಟಿನ ಡವ್‌ಟೇಲಿನಂತೆ ಮಾಡಿದ ಮಾದರಿ ತುಂಡು) ಏಕೆ ಎಂದು ಕೆಲವರು ಕೇಳಿದರು. ಪಿನ್ ಅಳತೆಗೆ ಕೈ ಪಳಗಿರಬೇಕು, ಹೊತ್ತೂ ಬೇಕು. ತೊಂಬತ್ತು ಹೋಲ್ಡರನ್ನು ಮೇಲೆ ಕೆಳಗೆ ಎರಡೆರಡು ಕಡೆ ಹಾಗೆ ಅಳೆಯಲಾಗುವುದಿಲ್ಲ. ಅಲ್ಲದೆ ಗೇಜ್ ಕೈಯಲ್ಲಿದ್ದರೆ ಮೈಕ್ರೋಮೀಟರ್ ಹಿಡಿಯದವರೂ ಕೂಡುತ್ತದೋ ಇಲ್ಲವೋ ಹೇಳಬಲ್ಲರು. ಎಲ್ಲರೂ ಒಪ್ಪುವ ತೀರ್ಪು ಅದು.

ಕಪನೂರು ಕೈಗಾರಿಕಾ ಪ್ರದೇಶದ ಒಂದು ಅಂಗಡಿಯಲ್ಲಿ ಹಳೆಯ ಶೇಪರ್ (ಟೂಲ್ ಹಿಂದೆ ಮುಂದೆ ಓಡಿ ಲೋಹ ಕತ್ತರಿಸುವ ಯಂತ್ರ) ಇನ್ನೂ ಓಡುತ್ತದೆ. ಕಾಕಾಗೆ ಅಲ್ಲಿಯ ಮಾಲೀಕರು ಹಳೆಯ ಪರಿಚಯ. ಒಂದು ಇಎನ್-8 ತುಂಡು ಕಟ್ಟಿ, ಟೂಲ್ ಹೆಡ್ಡನ್ನು ನೆಟ್ಟಗಿನಿಂದ 30 ಡಿಗ್ರಿ ವಾಲಿಸಿ ಒಂದು ಬದಿ, ಆಮೇಲೆ ಆ ಕಡೆ ವಾಲಿಸಿ ಇನ್ನೊಂದು ಬದಿ. ಕ್ಲಾಪರ್ ಬಾಕ್ಸನ್ನೂ (ಹಿಂದಿರುಗುವಾಗ ಟೂಲ್ ಮೇಲೇಳಲು ಬಿಡುವ ಭಾಗ) ತಕ್ಕ ದಿಕ್ಕಿಗೆ ತಿರುಗಿಸದಿದ್ದರೆ ಹಿಂದಿರುಗುವಾಗ ಟೂಲ್ ಓರೆಮೈಯನ್ನು ಕೆರೆದುಬಿಡುತ್ತದೆ. ಕಾಕಾ ಇದನ್ನು ಬಾಯಲ್ಲಿ ಹೇಳಲಿಲ್ಲ, ಕೈಯಿಂದ ಮಾಡಿ ತೋರಿಸಿದರು. ಕೊನೆಯ ಕೆಲವು ಮೈಕ್ರಾನನ್ನು, ಎಲ್ಲಿ ತಾಗುತ್ತದೆಂದು ಕಾಣಲು ನೀಲಿ ಹಚ್ಚಿ, ಸ್ಕ್ರೇಪರಿನಿಂದ ಕೆರೆದು ತೆಗೆದರು. ಡವ್‌ಟೇಲಿನ ಎತ್ತರ ಪೋಸ್ಟುಗಳಲ್ಲಿ ಇರುವಷ್ಟೇ, 7.5 ಮಿ.ಮೀ. ಬುಡದ ಅಗಲ 31.22, ನಮ್ಮಲ್ಲಿನ ಅತಿ ದೊಡ್ಡ ಪೋಸ್ಟಿಗಿಂತ ಚೂರು ಹೆಚ್ಚು. ಇದರ ಮೇಲೆ ಜಾರಿದ ಹೋಲ್ಡರ್ ನಮ್ಮಲ್ಲಿ ಯಾರ ಪೋಸ್ಟಿನ ಮೇಲಾದರೂ ಜಾರುತ್ತದೆ. ನೆತ್ತಿಯ ಅಂಚುಗಳನ್ನು ಕಾಕಾ ಮುರಿಯದೆ ಚೂಪಾಗಿಯೇ ಬಿಟ್ಟರು. "ಎಲ್ಲಾರ ಪೋಸ್ಟಿನಾಗ ಅಂಚು ಮುರದಿರ್ತದಂತ ಏನ್ ಖಾತ್ರಿ ಅದ? ಗೇಜ್ ಅಂದ್ರ ಕಠಿಣನೇ ಇರಬೇಕು."

ಸ್ಯಾಂಪಲ್

ಶಾಪಿನವರು ಮೊದಲ ನಗ ಕೊಟ್ಟಾಗ ಬೀದರಿನ ಮಿತ್ರರು ಅದನ್ನು ತಂದರು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ಎರಡು ಊರಿನ ನಡುವೆ ಇಂಥ ಓಡಾಟ ಸಲೀಸಾಗಿದೆ.

ನೋಡಲು ಚೆಂದದ ಕೆಲಸ. ಪಿನ್ ಇಟ್ಟು ಅಳೆದರೆ 24.13, ಟಾಲರೆನ್ಸಿನ ಒಳಗೇ ಇದೆ. ಗೇಜಿನ ಮೇಲೆ ಜಾರಿಸಿದರೆ ಜಾರುತ್ತದೆ, ಆದರೆ ಒಂದು ಬದಿಗೆ ಒತ್ತಿ ಹಿಡಿದಾಗ ಹೋಲ್ಡರ್ ಗೇಜಿನ ಮುಖಕ್ಕೆ ಅಂಟಿ ಕೂರುವುದಿಲ್ಲ, ಸಣ್ಣಗೆ ಅಲುಗಾಡುತ್ತದೆ. ಅಳತೆ ಸರಿ, ಕೂರುವುದು ಸರಿಯಿಲ್ಲ. ಬಹಳ ಹೊತ್ತು ತಲೆ ಕೆಡಿಸಿಕೊಂಡೆವು. ಕೊನೆಗೆ ನೀಲಿ ಹಚ್ಚಿ ನೋಡಿದಾಗ ಗುರುತು ಬಿದ್ದದ್ದು ಓರೆಮೈಯ ಮೇಲಲ್ಲ, ಮೂಲೆಯಲ್ಲಿ.

ಡವ್‌ಟೇಲ್ ಕಟರ್ ಎಷ್ಟೇ ಚೂಪಾಗಿದ್ದರೂ ಅದರ ಇನ್ಸರ್ಟಿನ (ಬದಲಿಸಬಹುದಾದ ಕತ್ತರಿಸುವ ಹಲ್ಲಿನ) ತುದಿಗೆ ಸಣ್ಣ ದುಂಡು ಇರುತ್ತದೆ. ಈ ಕಟರಿನದು 0.4 ಮಿ.ಮೀ. ತ್ರಿಜ್ಯ. ಹಾಗಾಗಿ ಹೋಲ್ಡರಿನ ಒಳ ಮೂಲೆಯಲ್ಲೂ ಅಷ್ಟೇ ದುಂಡು ಉಳಿದಿತ್ತು. 60 ಡಿಗ್ರಿಯ ಇಕ್ಕಟ್ಟಾದ ಮೂಲೆಯಲ್ಲಿ 0.4 ತ್ರಿಜ್ಯದ ದುಂಡು ತಳದಿಂದ 0.6 ಮಿ.ಮೀ. ಎತ್ತರದವರೆಗೆ ಏರಿರುತ್ತದೆ. ಹೋಲ್ಡರಿನ ಆಳ 8, ಗೇಜಿನ ಎತ್ತರ 7.5, ಅಂದರೆ ಗೇಜಿನ ಚೂಪು ಅಂಚು ತಳದಿಂದ ಅರ್ಧ ಮಿ.ಮೀ. ದೂರದಲ್ಲಿದೆ. ಓರೆಮೈ ಓರೆಮೈಗೆ ತಾಗುವ ಮೊದಲೇ ಅಂಚು ಹೋಗಿ ದುಂಡಿಗೆ ತಾಗುತ್ತಿತ್ತು. ಪಿನ್ ಇದನ್ನು ಹೇಳಲಾರದು, ಏಕೆಂದರೆ 6 ಮಿ.ಮೀ. ಪಿನ್ ಗೋಡೆಗೆ ತಾಗುವುದು ತಳದಿಂದ 4.5 ಮಿ.ಮೀ. ಎತ್ತರದಲ್ಲಿ. ಮೂಲೆಯಲ್ಲಿ ಏನಿದೆಯೆಂದು ಅದಕ್ಕೆ ತಿಳಿಯುವುದೇ ಇಲ್ಲ. ಕಾಕಾ ಗೇಜಿನ ಅಂಚು ಮುರಿದಿದ್ದರೆ ನಮಗೂ ತಿಳಿಯುತ್ತಿರಲಿಲ್ಲ, ಚೂಪು ಅಂಚಿನ ಪೋಸ್ಟ್ ಇದ್ದವರ ಲೇತಿನ ಮೇಲೆ ಹೋಲ್ಡರ್ ನಡುಗಿದಾಗಲೇ ತಿಳಿಯುತ್ತಿತ್ತು.

ಮೂಲೆಯಲ್ಲಿ ಬೇರೆ ಕಟರಿನಿಂದ ಗೆರೆ ತೆಗೆಯಬಹುದು, ಆದರೆ ಅದು ಇನ್ನೊಂದು ಟೂಲ್, ಇನ್ನಷ್ಟು ಖರ್ಚು. ಅದಕ್ಕಿಂತ ಸುಲಭ ದಾರಿ: ಬಾಯಿಯ ಅಗಲ 31.26 ಹಾಗೇ ಇಟ್ಟು ಆಳವನ್ನು 8ರಿಂದ 9ಕ್ಕೆ ಹೆಚ್ಚಿಸುವುದು. ಆಗ ಅಂಚಿಗೂ ತಳಕ್ಕೂ 1.5 ಮಿ.ಮೀ. ಅಂತರ, ದುಂಡು ಕೆಳಗೇ ಉಳಿಯುತ್ತದೆ. ತಳದ ಅಗಲ 41.65 ಆಗುತ್ತದೆ, ಪಿನ್‌ಗಳ ನಡುವಿನ ಅಳತೆ 25.26. ಗಾಡಿಗೂ ಡವ್‌ಟೇಲಿಗೂ ನಡುವಿನ ಗೋಡೆ 8ರಿಂದ 7 ಮಿ.ಮೀ.ಗೆ ಇಳಿಯುತ್ತದೆ, ನಮ್ಮ ಸಣ್ಣ ಲೇತುಗಳ ಕಟ್ಟಿಗೆ ಅದು ಧಾರಾಳ.

ಒಂದು ಸಂಶಯ ಉಳಿದಿತ್ತು. ನಮ್ಮಲ್ಲಿ ಕೆಲವರ ಪೋಸ್ಟ್ ವೆಡ್ಜ್ ಅಲ್ಲ, ಪಿಸ್ಟನ್ ಮಾದರಿಯದು. ವೆಡ್ಜ್ ಹೋಲ್ಡರನ್ನು ಪೋಸ್ಟಿನ ಮುಖಕ್ಕೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಹಾಗಲ್ಲ, ಡವ್‌ಟೇಲಿನ ತಳವನ್ನು ಹೊರಗೆ ದೂಡಿ ಓರೆಮೈಗಳನ್ನು ಬಿಗಿಯುತ್ತದೆ. ತಳ ಒಂದು ಮಿ.ಮೀ. ಆಳಕ್ಕೆ ಹೋದರೆ ಪಿಸ್ಟನ್ ಅಷ್ಟು ಹೆಚ್ಚು ಹೊರಬರಬೇಕು. ಬರುತ್ತದೆಯೇ? ಬೀದರಿನ ಕುಶಲಕರ್ಮಿಯ ಪೋಸ್ಟ್ ಅದೇ ಮಾದರಿ. ಶಾಪಿನವರು ಮಾಡಿಕೊಟ್ಟ ಎರಡನೇ ಸ್ಯಾಂಪಲನ್ನು ಅವರು ತಮ್ಮ ಲೇತಿನ ಮೇಲೆ ಕಟ್ಟಿ ಹೂದಾನಿಯ ಎರಕದ ಮೇಲೆ ಓಡಿಸಿದರು. ಬಿದರಿಯ ಲೋಹ ಹೆಚ್ಚಿನಂಶ ಸತು, ಜೊತೆಗೆ ಸ್ವಲ್ಪ ತಾಮ್ರ. ಮೆತ್ತಗೆ ಕತ್ತರಿಸುತ್ತದೆ, ಆದರೆ ಟೂಲ್ ನಡುಗಿದರೆ ಮೈಮೇಲೆ ಅಲೆ ಬಿದ್ದು ಮುಂದೆ ಬೆಳ್ಳಿ ಕೂರಿಸುವ ಕೆಲಸ ಕೆಡುತ್ತದೆ. "ಅಲಿ ಬಿದ್ದಿಲ್ರಿ, ಗಟ್ಟಿ ಹಿಡದದ," ಎಂದು ಫೋನ್ ಮಾಡಿದರು. ಅದರ ಮೇಲೆ ಒಂದು ಎಂ.ಎಸ್. ತುಂಡಿಗೆ ದಪ್ಪ ಕಟ್ ಕೊಟ್ಟು ನೋಡಿ, ಹೋಲ್ಡರ್ ಸರಿಯಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಡ್ರಾಯಿಂಗಿನ ಹೊಸ ಆವೃತ್ತಿಗೆ ಎಲ್ಲರ ಒಪ್ಪಿಗೆ ಪಡೆದೆವು. ಹಳೆಯ ಡ್ರಾಯಿಂಗಿನ ಪ್ರತಿಗಳ ಮೇಲೆ ಅಡ್ಡಗೆರೆ ಎಳೆದು ಶಾಪಿಗೂ ಅದನ್ನೇ ಕಳುಹಿಸಿದೆ. ಎರಡು ಆವೃತ್ತಿ ಚಾಲ್ತಿಯಲ್ಲಿದ್ದರೆ ಮಷಿನ್ ಮುಂದೆ ನಿಂತವನ ಕೈಗೆ ಹಳೆಯದೇ ಸಿಗುತ್ತದೆ.

ಪೂರ್ತಿ ಮಾಲು

ಶಾಪಿನವರಿಗೆ ಒಂದೇ ಒಂದು ಹೆಚ್ಚಿನ ಕೋರಿಕೆ ಇಟ್ಟಿದ್ದೆವು: ಮಾಡಿದ ಕ್ರಮದಲ್ಲೇ ಟ್ರೇಗಳಲ್ಲಿ ಜೋಡಿಸಿಡಿ, ಬೆರೆಸಬೇಡಿ. ಕಪ್ಪು ಮಾಡಿಸುವ ಮೊದಲೇ ನಾವು ಬಂದು ನೋಡುತ್ತೇವೆ. ಗೇಜ್ ಹಿಡಿದು ಕಾಕಾ, ಪಿನ್ ಹಿಡಿದು ಮಾಸ್ತರರು, ಪಟ್ಟಿ ಹಿಡಿದು ನಾನು ಬಾಲಾನಗರದಲ್ಲಿ ಕುಳಿತೆವು. ಕಾಕಾ ಮೊದಲು ಒಂದು ಉಳಿಕೆ ತುಂಡನ್ನು ಗ್ರೈಂಡರಿಗೆ ಹಿಡಿದು ಕಿಡಿ ನೋಡಿದರು. ಎಂ.ಎಸ್. ಆದರೆ ಉದ್ದನೆಯ ಗೆರೆಗಳು, ಅಲ್ಲೊಂದು ಇಲ್ಲೊಂದು ಕವಲು. ಇಂಗಾಲ ಹೆಚ್ಚಿದ್ದರೆ ಕಿಡಿ ಕವಲೊಡೆದು ಸಿಡಿಯುತ್ತದೆ. ಇದು ಸಿಡಿಯಿತು. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ, ಆದರೆ ಎಂ.ಎಸ್. ಕೊಟ್ಟು ಇಎನ್-8 ಎಂದು ಬಿಲ್ ಮಾಡಿಲ್ಲವೆಂದು ತಿಳಿಯಲು ಸಾಕು.

ಮೊದಲ ಟ್ರೇಗಳು ಸರಾಗವಾಗಿ ಹೋದವು. ಕೊನೆಯ ಟ್ರೇಯಲ್ಲಿ ಗೇಜ್ ಬಿಗಿಯಾಗತೊಡಗಿತು, ಕಡೆಯ ಕೆಲವು ಹತ್ತಲೇ ಇಲ್ಲ. ಪಿನ್ ಅಳತೆ 25.22. ಕಾರಣ ಕಣ್ಣಿಗೆ ಕಾಣುವಂತಿತ್ತು: ಕಟರ್ ಸವೆದಂತೆ ಅದು ಕೊರೆಯುವ ಅಗಲ ಕಿರಿದಾಗುತ್ತ ಬರುತ್ತದೆ. ಮಾಡಿದ ಕ್ರಮದಲ್ಲೇ ಜೋಡಿಸಿದ್ದರಿಂದ ಎಲ್ಲಿಂದ ಬಿಗಿಯಾಯಿತು ಎಂದು ಬೆರಳಿಟ್ಟು ತೋರಿಸಲು ಬಂತು. ಶಾಪಿನವರು ವಾದಕ್ಕಿಳಿಯಲಿಲ್ಲ. ಇನ್ಸರ್ಟ್ ಬದಲಿಸಿ, ಅದೇ ಫಿಕ್ಸ್ಚರಿನಲ್ಲಿ ಮತ್ತೆ ಕಟ್ಟಿ, ನಮ್ಮೆದುರೇ ಇನ್ನೊಂದು ಸಲ ಓಡಿಸಿದರು. ಬಿಗಿಯಾದದ್ದನ್ನು ಹೀಗೆ ಸರಿಪಡಿಸಬಹುದು, ಸಡಿಲಾಗಿದ್ದರೆ ಗುಜರಿಗೇ ಹೋಗಬೇಕಿತ್ತು. ಟಾಲರೆನ್ಸ್ ಮೇಲಿನ ಬದಿಗೆ ಮಾತ್ರ ಇದ್ದರೂ ಶಾಪಿನವರು ಕೆಳಗಿನ ಗಡಿಯ ಹತ್ತಿರವೇ ಓಡಿಸಿದ್ದಕ್ಕೆ ಇದೇ ಕಾರಣ, ಅದನ್ನು ನಾನು ಒಳ್ಳೆಯ ಕಸುಬಿನ ಲಕ್ಷಣ ಎಂದೇ ತಿಳಿಯುತ್ತೇನೆ.

ಒಂದೆರಡರಲ್ಲಿ ಎಂ8 ಎಳೆ ಪೂರ್ತಿ ಆಳಕ್ಕೆ ಹೋಗಿರಲಿಲ್ಲ. ಅಲ್ಲೇ ಟ್ಯಾಪ್ ಹೊಡೆದರು.

ಬಣ್ಣದ ವಿಷಯದಲ್ಲಿ ಸತುವಿನ ಲೇಪನ ಬೇಡ, ಬಿಸಿ ಬ್ಲ್ಯಾಕನಿಂಗ್ ಮಾಡಿಸೋಣ ಎಂದು ಮೊದಲೇ ಗೊತ್ತುಮಾಡಿದ್ದೆವು. ಕಾಸ್ಟಿಕ್ ಸೋಡಾ ಇರುವ ದ್ರಾವಣದಲ್ಲಿ ಸುಮಾರು 140 ಡಿಗ್ರಿಯಲ್ಲಿ ಉಕ್ಕಿನ ಮೈಯೇ ಕಪ್ಪಾಗುತ್ತದೆ. ದಪ್ಪ ಏರುವುದು ಒಂದೆರಡು ಮೈಕ್ರಾನ್ ಅಷ್ಟೇ, ಡವ್‌ಟೇಲಿನ ಅಳತೆಗೆ ಧಕ್ಕೆಯಿಲ್ಲ. ಬೀದರಿನವರು ತಮ್ಮ ಪದ್ಧತಿಯನ್ನು ನೆನೆದರು: ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಬಿದರಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಉಕ್ಕಿಗೆ ಆ ವಿದ್ಯೆ ಒಗ್ಗುವುದಿಲ್ಲ. ಉಕ್ಕಿನ ಕಪ್ಪು ತಾನಾಗಿ ತುಕ್ಕು ತಡೆಯುವುದೂ ಇಲ್ಲ, ಎಣ್ಣೆ ಹೀರಿಕೊಂಡು ಇಟ್ಟುಕೊಳ್ಳುತ್ತದೆ ಅಷ್ಟೇ. ಮಳೆಗಾಲದಲ್ಲಿ ಎಲ್ಲರೂ ಹೋಲ್ಡರಿಗೆ ಎಣ್ಣೆ ಬಟ್ಟೆ ಆಡಿಸಬೇಕು.

ಹಂಚಿದ್ದು

ಒಂದು ಹೋಲ್ಡರ್ 550 ಗ್ರಾಂ ಆಸುಪಾಸು, ಎಲ್ಲ ಸೇರಿ ಸುಮಾರು ಅರ್ಧ ಕ್ವಿಂಟಲ್. ಬೀದರಿನ ಪಾಲು ಅಲ್ಲಿಂದಲೇ ಬೀದರಿಗೆ, ಉಳಿದದ್ದು ಕಲಬುರಗಿಗೆ, ಯಾದಗಿರಿ ಮತ್ತು ಶಹಾಪುರದ ಪೆಟ್ಟಿಗೆಗಳು ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಪಾರ್ಸಲ್‌ನಲ್ಲಿ. ಪ್ರತಿ ಹೋಲ್ಡರನ್ನೂ ಎಣ್ಣೆ ಕಾಗದದಲ್ಲಿ ಬೇರೆ ಬೇರೆ ಸುತ್ತಿದೆವು. ಉಕ್ಕು ಉಕ್ಕಿಗೆ ಬಡಿದು ಡವ್‌ಟೇಲಿನ ಅಂಚಿನಲ್ಲಿ ಒಂದು ಗುಬುಟು ಎದ್ದರೂ ಅಷ್ಟೆಲ್ಲ ಅಳೆದದ್ದು ವ್ಯರ್ಥ.

ಹೆಚ್ಚಿಗೆ ಮಾಡಿಸಿದ ಆರೂ ಒಳ್ಳೆಯವೇ ಬಂದವು. ಅವುಗಳನ್ನು ಕೊಳ್ಳಲು ಒಳಗಿನವರೇ ಮುಂದೆ ಬಂದರು, ಬಂದ ಹಣವನ್ನು ಬ್ಯಾಂಕಿನ ಮಿತ್ರರು 84ರ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ಮರಳಿಸಿದರು. ಪುಡಿಗಾಸಿನ ಮೊತ್ತವಾದರೂ ಅದು ಹಾಳೆಯಲ್ಲಿ ಏರಿತು.

ಗೇಜ್ ಈಗ ಯಾದಗಿರಿಯಲ್ಲಿ ಮಾಸ್ತರರ ಬಳಿ ಇದೆ, ಪಿನ್‌ಗಳ ಡಬ್ಬಿ ನನ್ನ ಬಳಿ. ಸೇಡಂ ಮಿತ್ರರು ತಮ್ಮ ಪೋಸ್ಟ್ ಮಾರಿ ನಮ್ಮ ಅಳತೆಯದನ್ನು ತರಿಸುವ ಯೋಚನೆಯಲ್ಲಿದ್ದಾರೆ. ಕೊಳ್ಳುವ ಮೊದಲು ಮಾರುವವರಿಂದ ಪಿನ್ ಮೇಲಿನ ಅಳತೆ ಕೇಳಿ ಪಡೆಯುವಂತೆ ಹೇಳಿದ್ದೇನೆ. ಮುಂದಿನದು ಪಾರ್ಟಿಂಗ್ ಬ್ಲೇಡಿನ ಹೋಲ್ಡರ್. ಡವ್‌ಟೇಲ್ ಇದೇ, 25.26, ಆಳ 9. ಬ್ಲೇಡ್ ಯಾವ ಎತ್ತರದ್ದು ಎಂಬುದೊಂದು ತೀರ್ಮಾನವಾಗಬೇಕಿದೆ. ಎಲ್ಲರೂ ತಮ್ಮಲ್ಲಿರುವ ಬ್ಲೇಡಿನ ಎತ್ತರ, ದಪ್ಪ ಎರಡನ್ನೂ ಮೈಕ್ರೋಮೀಟರಿನಲ್ಲಿ ನೋಡಿ ಹಾಳೆಯಲ್ಲಿ ತುಂಬಬೇಕು. ಅದು ತುಂಬುವವರೆಗೆ ಹಣದ ಕಾಲಂ ಖಾಲಿಯೇ ಇರುತ್ತದೆ.